ಹದಿನಾಲ್ಕು ತಂಬಿಗಿ ನೀರು

ವಾಚನಾಲಯದ ಹುಡುಗರು "ಅಜ್ಜಾ, ಈ ಸಲ ನಿಮ್ಮ ಗೀಗೀ ಮೇಳದ ಬಗ್ಗೆ ಬರೀರಿ" ಅಂದರು. ಬರೆಯಲಿಕ್ಕೆ ಕೂತರೆ ಮೇಳಕ್ಕಿಂತ ಮೊದಲು ಮನಿ ನೆನಪಾಯಿತು. ಏಳನೇ ಇಯತ್ತೆ ಕಲಿತವನ ಬರವಣಿಗಿ, ತಪ್ಪಿದ್ದಲ್ಲಿ ಮಾಸ್ತರ ಮಂದಿ ತಿದ್ದಿಕೊಳ್ಳಬೇಕು. ನಮ್ಮಾಕಿನ್ನ ಕೇಳೇ ಬರೆಯಾಕತ್ತೀನಿ. "ಬರೀರಿ, ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ" ಅಂದಾಳ.

2013ರ ಬರವನ್ನು ನಮ್ಮ ಜತ್ತ ತಾಲೂಕಿನವರು ಯಾರೂ ಮರೆತಿಲ್ಲ. ಬೋರು ಬತ್ತಿದ್ದವು, ದನ ಛಾವಣಿಯಲ್ಲಿದ್ದವು. ಟ್ಯಾಂಕರ್ ಬಂದ ದಿನ ಸಿಕ್ಕಷ್ಟು ಕೊಡ ತುಂಬಿಕೊಂಡರೆ ಮುಂದಿನ ಟ್ಯಾಂಕರ್ ತನಕ ಅದೇ ನೀರು. ಅಂಥ ಹೊತ್ತಿನಲ್ಲಿ ನಮ್ಮಾಕಿ ಒಂದು ಸಲ ಕೈ ತೊಳೆಯಲಿಕ್ಕೆ ಹದಿನಾಲ್ಕು ತಂಬಿಗಿ ಸುರಿಯುತ್ತಿದ್ದಳು. ಎಣಿಸಿಯೇ ಹದಿನಾಲ್ಕು. ಹದಿಮೂರಕ್ಕೆ ಯಾರಾದರೂ ಮಾತಾಡಿಸಿದರೆ ಮುಗೀತು, ಮತ್ತೆ ಒಂದರಿಂದ. ಕೈಯ ಚರ್ಮ ಬಿಳಿಚಿ, ಬಿರಿದು, ರಕ್ತ ಜಿನುಗುತ್ತಿತ್ತು. ರೊಟ್ಟಿ ಬಡಿಯುವಾಗ ಹಿಟ್ಟು ತಾಗಿ ಉರಿದು ಕಣ್ಣಾಗ ನೀರು ತರುತ್ತಿದ್ದಳು.

ಮೊದಮೊದಲು ಊರವರು "ಭಾಳ ಮಡಿವಂತಿ" ಅಂತ ಹೊಗಳಿದ್ದರು. ಮಡಿ ಅಂದರೆ ಒಮ್ಮೆ ಜಳಕ ಆದರೆ ಆತು. ಇದು ಆಗತಿರಲಿಲ್ಲ. ಅದೇ ಮಂದಿ ಬರದಾಗ ನಗಲಿಕ್ಕೆ ಹತ್ತಿದರು. ನಾನು ನೀರಿನ ಖೋಲಿಗೆ ಕೀಲಿ ಹಾಕಿದೆ. ಆಕಿ ಬೂದಿಯಿಂದ ಕೈ ಉಜ್ಜಿಕೊಂಡಳು. ಒಂದು ದಿನ ಕೈ ಎತ್ತಿ ಹೊಡೆದೂ ಬಿಟ್ಟೆ. ಇದನ್ನು ಬರೆಯಬೇಕೋ ಬ್ಯಾಡೋ ಅಂತ ಎರಡು ದಿನ ಸುಮ್ಮನೆ ಕೂತಿದ್ದೆ. ಬರೆದೀನಿ.

ದೇವರ ಹೇಳಿಕೆ, ದಾರ, ಲಿಂಬಿಹಣ್ಣು ಎಲ್ಲಾ ಆದವು. ಯಾವುದಕ್ಕೂ ಬಗ್ಗಲಿಲ್ಲ. ಒಂದು ರಾತ್ರಿ ಆಕಿಯೇ ಹೇಳಿದಳು: "ನನಗೂ ಗೊತ್ತೈತ್ರಿ, ಕೈ ಸ್ವಚ್ಛ ಅದಾವು. ಕಣ್ಣಿಗೆ ಕಾಣತಾವು. ಒಳಗ ಒಪ್ಪವಲ್ದು." ಹುಚ್ಚು ಹಿಡಿದವರು ಹಿಂಗ ಮಾತಾಡೂದಿಲ್ಲ ಅಂತ ನನಗೆ ಅವತ್ತು ಹೊಳೆಯಿತು. ಮರುವಾರ ಎಸ್‌.ಟಿ. ಹತ್ತಿ ಮಿರಜಕ್ಕೆ ಹೋದೆವು.

ಅಲ್ಲಿಯ ಮನಸಿನ ಡಾಕ್ಟರರು ಅರ್ಧ ಮರಾಠಿ, ಅರ್ಧ ಕನ್ನಡ. ಇದಕ್ಕೆ ಓಸಿಡಿ ಅನ್ನುತ್ತಾರೆ, ಕನ್ನಡದಾಗ ಗೀಳು ರೋಗ ಅಂದರು. ಗೀಗೀ ಹಾಡುವವನ ಮನಿಗೆ ಗೀಳು ಬಂದೈತಿ ಅಂತ ಅಷ್ಟು ಚಿಂತಿಯೊಳಗೂ ನಗು ಬಂತು. ಇದು ಅಪರೂಪದ್ದಲ್ಲ, ನೂರು ಮಂದಿಯಲ್ಲಿ ಒಬ್ಬಿಬ್ಬರಿಗೆ ಆಯುಷ್ಯದಾಗ ಯಾವಾಗಾದರೂ ಬರುತ್ತದೆ, ಕೆಲವು ಮನೆತನಗಳಲ್ಲಿ ಹೆಚ್ಚು ಅಂದರು. ಆಗ ನಮ್ಮಾಕಿ ಅಪ್ಪನ ನೆನಪು ತೆಗೆದಳು. ಆ ಹಿರಿಯರು ರಾತ್ರಿ ಬಾಗಿಲ ಕೊಂಡಿ ಹಾಕೈತೋ ಇಲ್ಲೋ ಅಂತ ಹತ್ತು ಸಲ ಏಳುತ್ತಿದ್ದರು. ನಾವು ಕಳ್ಳರ ಅಂಜಿಕಿ ಅಂದುಕೊಂಡಿದ್ದೆವು.

ಡಾಕ್ಟರರು ಚೀಟಿಯ ಹಿಂದೆ ತಲೆಯ ಚಿತ್ರ ತೆಗೆದರು. ಕಣ್ಣಿನ ಗುಣಿಯ ಮೇಲೆ, ಹಣೆಯ ಹಿಂದೆ ಮೆದುಳಿನ ಒಂದು ಭಾಗ ಇದೆ. ಏನೋ ತಪ್ಪೈತಿ, ನೋಡು ಅಂತ ಎಚ್ಚರ ಕೊಡುವುದು ಅದರ ಕೆಲಸ. ಆ ಸುದ್ದಿ ಒಳಗೆ ಬಾಲದ ಆಕಾರದ ಕಾಡೇಟ್ ಅನ್ನುವ ಗಂಟಿಗೆ ಹೋಗುತ್ತದೆ. ಅಲ್ಲಿಂದ ಮೆದುಳಿನ ನಟ್ಟನಡುವಿನ ಥಲಾಮಸ್, ಅಲ್ಲಿಂದ ತಿರುಗಿ ಹಣೆಗೆ. ಕೆಲಸ ಆದ ಮೇಲೆ ಒಳಗಿನ ಆ ಗಂಟು ಅಗಸಿ ಮುಚ್ಚಬೇಕು. ಈ ರೋಗದಲ್ಲಿ ಅಗಸಿ ಸರಿಯಾಗಿ ಮುಚ್ಚುವುದಿಲ್ಲ. ಅದೇ ಸುದ್ದಿ ಸುತ್ತು ಹೊಡೆಯುತ್ತದೆ.

ನನಗೆ ನಮ್ಮ ಮೇಳವೇ ಕಣ್ಣಿಗೆ ಕಟ್ಟಿತು. ಮುಂದಿನವನು ನುಡಿ ಹೇಳುತ್ತಾನೆ, ಹಿಮ್ಮೇಳದವರು ಪಲ್ಲ ಎತ್ತಿ ಗೀಗೀ ಅಂತಾರೆ. ದಪ್ಪಿನ ಮುಕ್ತಾಯದ ಪೆಟ್ಟು ಬಿದ್ದರೆ ಹಿಮ್ಮೇಳ ನಿಲ್ಲುತ್ತದೆ. ಆ ಪೆಟ್ಟೇ ಬೀಳದಿದ್ದರೆ? ಹಿಮ್ಮೇಳದವರ ಗಂಟಲು ಹರಿದರೂ ಪಲ್ಲ ನಿಲ್ಲೂದಿಲ್ಲ. ನಮ್ಮಾಕಿ ತಲಿಯಾಗ ಆ ಪೆಟ್ಟು ಬೀಳತಿರಲಿಲ್ಲ. ನಾನು ಬೈದದ್ದು ಗಂಟಲು ಹರಿದವರನ್ನು!

ಇದೆಲ್ಲಾ ಹೆಂಗ ಗೊತ್ತಾತು ಅಂತ ಆಮೇಲೆ ನಮ್ಮ ಮಾಸ್ತರರೊಬ್ಬರನ್ನು ಕೇಳಿದೆ. ಅವರು ಇಂಗ್ಲಿಷ್ ಪುಸ್ತಕ ಓದಿ ಹೇಳಿದರು. 1917ರ ಸುಮಾರಿಗೆ ಯುರೋಪಿನಾಗ ನಿದ್ದೆಯ ಜ್ವರ ಬಂದಿತ್ತಂತೆ. ಮೆದುಳಿನ ಆಳದ ಗಂಟುಗಳಿಗೆ ಪೆಟ್ಟಾಗಿ ಬದುಕಿ ಉಳಿದ ಕೆಲವರಿಗೆ ಇಂಥದೇ ಗೀಳು ಹತ್ತಿತ್ತು. ಮುಂದೆ ಮೆದುಳು ಎಲ್ಲಿ ಹೆಚ್ಚು ಸಕ್ಕರಿ ಸುಡುತ್ತದೆ ಅಂತ ಚಿತ್ರ ತೆಗೆಯುವ ಯಂತ್ರ ಬಂತು. ಅಮೇರಿಕದ ಬ್ಯಾಕ್ಸ್‌ಟರ್ ಅನ್ನುವ ಡಾಕ್ಟರರು ಈ ರೋಗಿಗಳ ಹಣೆಯ ಭಾಗ, ಆ ಕಾಡೇಟ್ ಗಂಟು ಹೆಚ್ಚು ಉರಿಯುವುದನ್ನು ಕಂಡರು. 1992ರಾಗ ಅವರೇ ಇನ್ನೊಂದು ತೋರಿಸಿದರು. ಗುಳಿಗಿಯಿಂದ ಗುಣವಾದವರಲ್ಲಿ ಆ ಕಾಡೇಟ್ ಗಂಟಿನ ಉರಿ ಇಳಿದಿತ್ತು, ಗುಳಿಗಿ ಇಲ್ಲದೆ ರೂಢಿಯಿಂದ ಗುಣವಾದವರಲ್ಲಿಯೂ ಇಳಿದಿತ್ತು. ಇದನ್ನು ನಾನು ಮೂರು ಸಲ ಓದಿಸಿ ಕೇಳಿದೆ. ರೂಢಿಗೆ ಮೆದುಳು ಬದಲಾಗತೈತಿ ಅಂದರೆ ಸಣ್ಣ ಮಾತಲ್ಲ.

ಗುಳಿಗಿ ತಗೊಂಡ ಮರುದಿನ ಏನೂ ಆಗಲಿಲ್ಲ. ಎರಡು ಮೂರು ತಿಂಗಳು ಬೇಕು, ಬಿಡಬ್ಯಾಡ್ರಿ ಅಂತ ಮೊದಲೇ ಹೇಳಿದ್ದರು. ರೂಢಿಯೇ ಕಠಿಣ. ಸಗಣಿ ಮುಟ್ಟಬೇಕು, ಒಂದೇ ತಂಬಿಗಿಯಾಗ ತೊಳೆದು ಸುಮ್ಮನೆ ಕೂಡಬೇಕು. ಮೊದಲ ದಿನ ಆಕಿ ಬೆವೆತು, ನಡುಗಿ, ಗ್ವಾಡಿ ಹಿಡಿದು ಕೂತಳು. ಅಂಜಿಕಿ ಏರಿತು, ತಾಸೊಪ್ಪತ್ತಿಗೆ ತಾನಾಗಿಯೇ ಇಳಿಯಿತು. ಮರುದಿನ ಮತ್ತೆ.

ನನಗೊಂದು ಕೆಲಸ ಕೊಟ್ಟಿದ್ದರು. ಅಷ್ಟು ವರ್ಷ ಆಕಿ "ಸ್ವಚ್ಛ ಆತೇನ್ರಿ?" ಅಂತ ಕೇಳುವುದು, ನಾನು "ಆತು, ಆತು" ಅನ್ನುವುದು ನಡೆದಿತ್ತು. ಹಂಗ ಅನ್ನಬಾರದಂತೆ. ಸಮಾಧಾನ ಹೇಳಿದಷ್ಟೂ ಆ ಕ್ಷಣ ತಣ್ಣಗಾಗಿ, ಗೀಳು ಬಲಿಯುತ್ತದಂತೆ. ಬಯ್ಯುವಾಗ ಬೈದು, ಉಳಿದಾಗ ನಾನೇ ಹಿಮ್ಮೇಳದಾಗ ನಿಂತು ಪಲ್ಲ ಎತ್ತಿದ್ದೆ. ಬಾಯಿ ಮುಚ್ಚಿಕೊಂಡಿರುವುದು ಹಾಡುವವನಿಗೆ ಎಷ್ಟು ಕಷ್ಟ ಅಂತ ನಿಮಗೆ ಹೆಂಗ ಹೇಳಲಿ.

ಪೂರ್ತಿ ಹೋಗಿಲ್ಲ. ಸಂಬಂಧಿಕರಲ್ಲಿ ಸಾವು ನೋವು ಆದಾಗ ಎಣಿಕೆ ತಿರುಗಿ ಬರುತ್ತದೆ. ಎರಡಕ್ಕೆ, ಒಮ್ಮೊಮ್ಮೆ ನಾಲ್ಕಕ್ಕೆ ನಿಲ್ಲುತ್ತದೆ. ಹೊಡೆದದ್ದಕ್ಕೆ ತಪ್ಪಾಯಿತು ಅಂತ ಹೇಳಿದೆ. "ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ" ಅಂದಳು. ಅದು ಕ್ಷಮೆಯೋ ಅಲ್ಲೋ, ತಿರುಗಿ ಕೇಳಿಲ್ಲ.

ಮೊನ್ನೆ ಅಮಾಸಿಗೆ ಪಡಸಾಲಿ ಸಾರಿಸಿದಳು. ಒಂದು ತಂಬಿಗಿಯಾಗ ಕೈ ತೊಳೆದು, ಎರಡನೆಯದು ತುಂಬಿಕೊಂಡು ನನ್ನ ಮುಖ ನೋಡಿದಳು. ನಾನು ಮಾತಾಡದೆ ತುಂತುಣಿಯ ತಂತಿ ಬಿಗಿಯುತ್ತ ಕೂತೆ. ಸ್ವಲ್ಪ ಹೊತ್ತು ಹಂಗೇ ನಿಂತು, ಆ ನೀರನ್ನು ತುಳಸಿಗೆ ಹಾಕಿ ಒಳಗೆ ಹೋದಳು.