ನಮ್ಮ ಚಿನ್ನಿ ಕಲತಿದ್ದು ಮರತಿರಲಿಲ್ಲ

ನಮ್ಮ ಚಿನ್ನಿಗೆ ಐದು ತಿಂಗಳು. ಉಚ್ಚಿಗೆ ಹಿತ್ತಲಕ್ಕ ಹೋಗೋದು ಚೊಲೋತ್ನಂಗ ಕಲತಿದ್ಲು. ಹೋದ ತಿಂಗಳು ಪಡಸಾಲ್ಯಾಗ ಮತ್ತ ಸುರು ಮಾಡಿದ್ಲು, ಗಳಿಗಿಗೊಮ್ಮೆ, ಅದೂ ಹನಿಹನಿ. ಸಿಟ್ಟು ಬಂದು ಕಸಬರಗೀಲೆ ಒಂದೇಟು ಹಾಕಿಬಿಟ್ಟೆ. ಮರುದಿನದಿಂದ ಮಂಚದ ಕೆಳಗ ಅಡಗಿ ಮಾಡಾಕ ಹತ್ತಿದ್ಲು.

ನಮ್ಮನಿಯವರು, "ಮಾಡುವಾಗ ಕುಂಯ್ ಅಂತಾಳಲ್ಲ, ಕೇಳಿಲ್ಲೇನು?" ಅಂದ್ರು. ದನದ ದವಾಖಾನಿಗೆ ಒಯ್ದ್ವಿ. ಮೂತ್ರದ ಸೋಂಕು ಆಗಿತ್ತು. ನನ್ನ ಕರುಳು ಚುರ್ ಅಂತು.

ಗುಳಿಗಿಯಿಂದ ಆರಾಮಾತು. ಈಗ ಎದ್ದ ಕೂಡ್ಲೆ, ಉಂಡ ಮ್ಯಾಲೆ ನಾನs ಹಿತ್ತಲಕ್ಕ ಕರಕೊಂಡು ಹೋಗತೀನಿ. ಮಾಡಿದ್ರ ಒಂದು ಚೂರು ರೊಟ್ಟಿ. ಒಳಗ ಮಾಡಿದ ಜಾಗಾ ನೀರಾಗ ವಿನೆಗರ್ ಹಾಕಿ ಒರಸತೀನಿ. ವಾಸನಿ ಉಳದ್ರ ಮತ್ತ ಅಲ್ಲೇ ಹೋಗತಾವ.

ಕಸಬರಗಿ ಕಂಡ್ರ ಮಾತ್ರ ಚಿನ್ನಿ ಇನ್ನೂ ಮಂಚದ ಕೆಳಗ ಓಡತಾಳ. ನಿಮ್ಮ ನಾಯಿ ಹಿಂಗ ಮಾಡಿದ್ರ, ಬಡಿಯಾಕ ಹೋಗಬ್ಯಾಡ್ರಿ, ಮೊದಲ ಡಾಕ್ಟರಿಗೆ ತೋರಸ್ರಿ.