ಇಪ್ಪತ್ತು ಮುಖದ ದಾಳ

ನಮ್ಮ ಮನೆಯಲ್ಲಿ ದಾಳವೆಂಬ ವಸ್ತುವಿಗೆ ಪ್ರವೇಶವಿರಲಿಲ್ಲ. ಧರ್ಮರಾಯನಂಥ ಧರ್ಮರಾಯನೇ ದಾಳವನ್ನು ಕೈಗೆತ್ತಿಕೊಂಡು ರಾಜ್ಯವನ್ನೂ ಹೆಂಡತಿಯನ್ನೂ ಕಳೆದುಕೊಂಡಮೇಲೆ ತಿಂಗಳ ಸಂಬಳವನ್ನು ನಂಬಿದ ನಮ್ಮಂಥವರ ಪಾಡೇನು ಎಂಬುದು ನನ್ನ ತಾಯಿಯ ವಾದ. ಆದ್ದರಿಂದ ಒಂದು ಶನಿವಾರ ರಾತ್ರಿ ಅಕ್ಕನ ಮಗನ ಕೋಣೆಯಿಂದ ದಾಳ ಉರುಳುವ ಸದ್ದೂ ಅದರ ಹಿಂದೆಯೇ ನಾಲ್ಕೈದು ಹುಡುಗರ ಕೇಕೆಯೂ ಕೇಳಿಬಂದಾಗ ಅಮ್ಮ ಜಪಸರವನ್ನು ಕೆಳಗಿಟ್ಟು, “ಹೋಗಿ ನೋಡೋ, ಕಾಲೇಜಿನಲ್ಲಿ ಪಾಠ ಹೇಳೋನ ಮನೆಯಲ್ಲೇ ಜೂಜು ಶುರುವಾಯಿತು” ಎಂದು ನನ್ನನ್ನು ಅಟ್ಟಿದಳು.

ಬಾಗಿಲು ತಳ್ಳಿ ನೋಡಿದೆ. ಮೇಜಿನ ಮೇಲೆ ಹಣದ ಸುಳಿವೇ ಇಲ್ಲ. ಚೌಕುಳಿ ಹಾಕಿದ ಕಾಗದ, ನಾಲ್ಕಾರು ಪೆನ್ಸಿಲು, ತಳ ಕಾಣುತ್ತಿದ್ದ ಚಕ್ಕುಲಿಯ ಡಬ್ಬಿ, ಮತ್ತು ನಾನು ಅದುವರೆಗೆ ಕಂಡಿರದ ದಾಳಗಳು: ನಾಲ್ಕು ಮುಖದ್ದು, ಎಂಟು ಮುಖದ್ದು, ಹನ್ನೆರಡು ಮುಖದ್ದು, ಎಲ್ಲಕ್ಕೂ ಹಿರಿಯನಂತೆ ಇಪ್ಪತ್ತು ಮುಖದ್ದೊಂದು. ಗದರಿಸಬೇಕೆಂದು ಹೋದವನು, “ಯಾರಪ್ಪ ಗೆಲ್ಲುತ್ತಿರುವವರು?” ಎಂದು ಕೇಳಿದೆ. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. “ಇದರಲ್ಲಿ ಗೆಲ್ಲೋದು ಅಂತ ಇಲ್ಲ ಮಾಮ. ಎಲ್ಲರೂ ಸೇರಿ ಒಂದು ಕಥೆ ನಡೆಸೋದು, ಅಷ್ಟೆ” ಎಂದ ನನ್ನ ಸೋದರಳಿಯ.

ನಾನು ಆ ಆಟವನ್ನು ನಿಲ್ಲಿಸದಿರುವುದಕ್ಕೆ ಕಾರಣ ಬೇರೆಯಿತ್ತು. ೨೦೨೧ರ ಎರಡನೆಯ ಅಲೆಯಲ್ಲಿ ನಮ್ಮ ಭಾವ ತೀರಿಕೊಂಡರು. ಅಕ್ಕ ಊರಿನ ಶಾಲೆಯ ಕೆಲಸವನ್ನು ಬಿಡುವಂತಿರಲಿಲ್ಲ. ಹುಡುಗ ಓದಿಗಾಗಿ ಬೆಂಗಳೂರಿನ ನಮ್ಮ ಮನೆಗೆ ಬಂದ. ಊಟಕ್ಕೆ ಕರೆದರೆ ಬರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ. ನಗುವುದನ್ನು ಮಾತ್ರ ಮರೆತಿದ್ದ. ಆ ರಾತ್ರಿ ಕೇಳಿದ ಕೇಕೆಯಲ್ಲಿ ಅವನದೂ ಒಂದಿತ್ತು. ಅಮ್ಮನಿಗೆ “ಅದು ಜೂಜಲ್ಲಮ್ಮ, ಪಾಠಕ್ಕೆ ಸಂಬಂಧಿಸಿದ್ದು” ಎಂದು ಅರೆಸುಳ್ಳು ಹೇಳಿ ಮಲಗಿದೆ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನೆಲಮಾಳಿಗೆಗಳೂ ಘಟಸರ್ಪಗಳೂ ಎಂದು ನಾನು ಅನುವಾದಿಸಿದಾಗ ಹುಡುಗರು ಮರ್ಯಾದೆಗಾಗಿ ನಗುವನ್ನು ತಡೆದುಕೊಂಡರು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರಿದೆ. ಅಲ್ಲಿಯ ಗ್ಯಾರಿ ಗೈಗ್ಯಾಕ್ಸ್, ನೆರೆಯ ಮಿನೆಸೋಟದ ಡೇವ್ ಆರ್ನೆಸನ್ ಎಂಬ ಇಬ್ಬರು ೧೯೭೪ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ಅವರೂ ಅವರಂಥ ಹವ್ಯಾಸಿಗಳೂ ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನು ನಿಲ್ಲಿಸಿ ಕದನ ಹೂಡುವ ಆಟಗಳನ್ನು ಆಡುತ್ತಿದ್ದರು. ಇಡೀ ದಂಡಿಗೆ ಒಡೆಯನಾಗುವ ಬದಲು ಆಟಗಾರ ಒಬ್ಬ ಮನುಷ್ಯನೇ ಆದರೆ ಹೇಗೆ? ಈ ಒಂದು ಪ್ರಶ್ನೆಯೇ ಹೊಸ ಆಟದ ಬೀಜ. ಮೂರು ಕಿರುಪುಸ್ತಕಗಳ ಪೆಟ್ಟಿಗೆಯನ್ನು ಕೈಯಿಂದಲೇ ಜೋಡಿಸಿ, ಮೊದಲಿಗೆ ೧,೦೦೦ ಪ್ರತಿಗಳನ್ನು ಮಾರಾಟಕ್ಕಿಟ್ಟರು.

ಆಡುವ ಕ್ರಮ ಸರಳವಾದದ್ದು. ಒಬ್ಬ ಯಜಮಾನ, ಮುಂದಿರುವುದು ಗುಹೆಯೋ ಸೇತುವೆಯೋ ಸಂತೆಯೋ ಎಂಬುದನ್ನು ಅವನು ವರ್ಣಿಸುತ್ತಾನೆ. ಉಳಿದವರಲ್ಲಿ ಒಬ್ಬ ಕಳ್ಳ, ಒಬ್ಬ ಮಾಂತ್ರಿಕ, ಒಬ್ಬ ಗಾಯಕ, ಒಬ್ಬ ಕತ್ತಿಯ ಬಂಟ. ತಾನು ಏನು ಮಾಡುತ್ತೇನೆಂಬುದನ್ನು ಪ್ರತಿಯೊಬ್ಬನೂ ಹೇಳುತ್ತಾನೆ. ಆಗುವುದೋ ಆಗದೋ ಎಂಬ ಸಂದೇಹ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಇಪ್ಪತ್ತು ಬಿದ್ದರೆ ಜಯಜಯಕಾರ, ಒಂದು ಬಿದ್ದರೆ ನಗೆಪಾಟಲು. ತಾಳಮದ್ದಳೆಯನ್ನು ಕೇಳಿ ಬೆಳೆದ ನನಗೆ ಇದು ತೀರ ಅಪರಿಚಿತವೆನಿಸಲಿಲ್ಲ. ಅಲ್ಲಿಯೂ ಪ್ರಸಂಗದ ಪದ್ಯ ಮೊದಲೇ ಸಿದ್ಧವಾಗಿರುತ್ತದೆ, ಆದರೆ ಅರ್ಥಧಾರಿಯ ಮಾತು ಆ ರಾತ್ರಿ ಹುಟ್ಟಿದ್ದು. ವ್ಯತ್ಯಾಸವೊಂದೇ: ಅಲ್ಲಿ ಎಷ್ಟು ವಾದ ಮಾಡಿದರೂ ಕೊನೆಗೆ ಕರ್ಣ ಸಾಯಲೇಬೇಕು, ಇಲ್ಲಿ ಸಾಯುವವರು ಯಾರೆಂಬುದು ಯಜಮಾನನಿಗೂ ತಿಳಿಯದು.

ಇಂಥ ಆಟವನ್ನು ಚಲಚ್ಚಿತ್ರಕ್ಕೆ ಇಳಿಸುವುದೆಂದರೇನು? ಕಾದಂಬರಿ ಚಿತ್ರವಾದಾಗ ಓದುಗರು ಮೂಲಕ್ಕೆ ನ್ಯಾಯ ಸಂದಿಲ್ಲವೆಂದು ಗೊಣಗುವುದುಂಟು. ಹಾಗೆ ಗೊಣಗಲು ಅವರ ಕೈಯಲ್ಲಿ ಒಂದು ಮೂಲವಾದರೂ ಇರುತ್ತದೆ. ಈ ಆಟಕ್ಕೆ ಮೂಲವೆಂಬುದೇ ಇಲ್ಲ. ಪ್ರತಿಯೊಂದು ಮೇಜಿಗೂ ಅದರದೇ ಕಥೆ. ಅಭಿಮಾನಿ ಇಲ್ಲಿ ಬರಿಯ ಓದುಗನಲ್ಲ, ಒಂದು ಪಾಲಿನ ಕವಿ. ಕವಿಯನ್ನು ಕತ್ತಲೆಯ ಕುರ್ಚಿಯಲ್ಲಿ ಕೂರಿಸಿ, “ಇನ್ನು ನೀನು ಬಾಯಿ ಮುಚ್ಚಿಕೊಂಡು ನೋಡು” ಎಂದರೆ ಅವನಿಗೆ ಹೇಗಾಗಬೇಕು?

ಪ್ರಯತ್ನಗಳೇನೋ ನಡೆದವು. ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ಗೈಗ್ಯಾಕ್ಸ್ ತಾನೇ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಚಿತ್ರಕ್ಕಾಗಿ ಓಡಾಡಿದ. ಚಿತ್ರವಾಗಲಿಲ್ಲ, ೧೯೮೩ರಿಂದ ೧೯೮೫ರವರೆಗೆ ಮಕ್ಕಳಿಗಾಗಿ ದೂರದರ್ಶನದಲ್ಲಿ ಒಂದು ಕಾರ್ಟೂನು ಮಾಲೆ ಬಂದಿತು. ಜಾತ್ರೆಯ ಸವಾರಿಯಾಟವೊಂದರಿಂದ ಮಾಯಾಲೋಕಕ್ಕೆ ಜಾರಿಬಿದ್ದ ಆರು ಮಕ್ಕಳ ಕಥೆ ಅದು. ೨೭ ಕಂತುಗಳಾದಮೇಲೆ ಮಾಲೆ ನಿಂತುಹೋಯಿತು. ಕೊನೆಯ ಕಂತನ್ನು ಬರೆದಿದ್ದರೂ ಚಿತ್ರಿಸಲಿಲ್ಲವಾದ್ದರಿಂದ ಆ ಮಕ್ಕಳು ತೆರೆಯ ಮೇಲೆ ಮನೆಗೆ ಮರಳಲೇ ಇಲ್ಲ. ಆಮೇಲೆ ೨೦೦೦ದಲ್ಲಿ ಕೋರ್ಟ್‌ನಿ ಸಾಲೊಮನ್ ಎಂಬ ತರುಣ ನಿರ್ದೇಶಕ ನಿಜವಾದ ಚಿತ್ರವನ್ನೇ ಮಾಡಿದ. ಜೆರೆಮಿ ಐರನ್ಸ್‌ನಂಥ ಮೇಲುದರ್ಜೆಯ ನಟ ಅದರಲ್ಲಿ ಖಳನಾಗಿ ಅಬ್ಬರಿಸಿದ. ಆಕಾಶದ ತುಂಬ ಘಟಸರ್ಪಗಳು ಹಾರಿದವು. ಆದರೂ ಹಾಕಿದ ಬಂಡವಾಳ ಮರಳಲಿಲ್ಲ, ಅಭಿಮಾನಿಗಳೂ ಒಪ್ಪಲಿಲ್ಲ.

ಏಕೆ ಒಪ್ಪಲಿಲ್ಲವೆಂದು ತಿಳಿಯಲು ನಾನೂ ಹುಡುಗರ ಜೊತೆ ಕುಳಿತು ಆ ಹಳೆಯ ಚಿತ್ರವನ್ನು ನೋಡಿದೆ. ಆಟದ ಪುಸ್ತಕಗಳಲ್ಲಿ ‘ಬಿಹೋಲ್ಡರ್’ ಎಂಬ ಭೂತವಿದೆ. ಗಾಳಿಯಲ್ಲಿ ತೇಲುವ ಗುಂಡು ದೇಹ, ನಡುವೆ ಒಂದು ದೊಡ್ಡ ಕಣ್ಣು, ತಲೆಯ ಮೇಲೆ ಹತ್ತು ಸಣ್ಣ ಕಣ್ಣು. ಮೇಜಿನ ಸುತ್ತ ಅದರ ಹೆಸರೆತ್ತಿದರೆ ಹುಡುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಚಿತ್ರದಲ್ಲಿ ಅದನ್ನು ಕಾವಲುನಾಯಿಯಂತೆ ನಿಲ್ಲಿಸಿದ್ದಾರೆ. “ಹೆಸರು ಗೊತ್ತಿದೆ, ಭಯ ಗೊತ್ತಿಲ್ಲ” ಎಂದು ಒಬ್ಬ ಹುಡುಗ ತೀರ್ಪು ಕೊಟ್ಟ. ಎಂ.ಎ. ಓದಿದ ನಾನು ಅಷ್ಟು ಬಿಗಿಯಾಗಿ ಹೇಳಲಾರದೆ ಹೋಗುತ್ತಿದ್ದೆ.

೨೦೨೩ರ ಮಾರ್ಚ್ ಕೊನೆಗೆ ಹೊಸ ಚಿತ್ರ ಬರುವುದೆಂದು ತಿಳಿದಾಗ ನಮ್ಮ ಮನೆಯ ಸಭೆಯಲ್ಲಿ ಮೊದಲು ಎದ್ದದ್ದು ಸಂತೋಷವಲ್ಲ, ಕೋಪ. ಆಟದ ಒಡೆತನವಿರುವ ಸಂಸ್ಥೆ, ಇತರರು ಈ ಆಟವನ್ನಾಧರಿಸಿ ತಮ್ಮ ಪುಸ್ತಕಗಳನ್ನು ಪ್ರಕಟಿಸಲು ವರ್ಷಗಳಿಂದ ಕೊಟ್ಟಿದ್ದ ಮುಕ್ತ ಪರವಾನಗಿಯನ್ನು ಬಿಗಿಗೊಳಿಸಲು ಹೊರಟಿರುವ ಸುದ್ದಿ ಜನವರಿಯಲ್ಲಿ ಹೊರಬಿದ್ದಿತ್ತು. ಲೋಕದ ನಾನಾ ಕಡೆಯ ಆಟಗಾರರು ಸಿಟ್ಟಿಗೆದ್ದರು. ಚಿತ್ರವನ್ನೇ ಬಹಿಷ್ಕರಿಸಬೇಕೆಂದವರೂ ಇದ್ದರು. ತಿಂಗಳು ಮುಗಿಯುವುದರೊಳಗೆ ಸಂಸ್ಥೆ ಹಿಂದೆಗೆಯಿತು, ಆಟದ ಮೂಲ ನಿಯಮಗಳನ್ನು ಎಲ್ಲರೂ ಬಳಸಬಹುದಾದ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅಭಿಮಾನಿಗಳು ಬಯಸುವುದೇನೆಂಬುದರ ಒಂದು ಉತ್ತರ ನನಗೆ ಅಲ್ಲಿಯೇ ಸಿಕ್ಕಿತು. ಆಟದ ಹಕ್ಕನ್ನು ಯಾರು ಬೇಕಾದರೂ ಕೊಳ್ಳಲಿ, ತಮ್ಮ ಮೇಜಿನ ಕಥೆ ತಮ್ಮದೇ ಆಗಿರಬೇಕು.

ಟಿಕೀಟು ಕೊಳ್ಳುವ ಮುನ್ನ ಅಧ್ಯಾಪಕನ ಚಟಕ್ಕೆ ಒಳಗಾಗಿ ಒಬ್ಬೊಬ್ಬರನ್ನೇ ಕೇಳಿದೆ: “ಈ ಚಿತ್ರದಿಂದ ನಿನಗೇನು ಬೇಕಪ್ಪ?” ಒಬ್ಬನಿಗೆ ನಿಯಮ ತಪ್ಪಬಾರದು. ಮುನ್ನೋಟದ ತುಣುಕಿನಲ್ಲಿ ಒಬ್ಬಳು ವನಮಾಂತ್ರಿಕೆ ಗೂಬೆಯ ಮುಖದ ಕರಡಿಯಾಗಿ ಮಾರ್ಪಡುತ್ತಾಳೆ. ಪುಸ್ತಕದ ಪ್ರಕಾರ ಆಕೆ ಸಾಮಾನ್ಯ ಮೃಗಗಳ ರೂಪವನ್ನು ಮಾತ್ರ ತಾಳಬಹುದು, ಗೂಬೆಗರಡಿಯಾದರೋ ಮೃಗವಲ್ಲ, ವಿಕೃತಜೀವಿ. ಈ ವಿಷಯವಾಗಿ ದೇಶದೇಶಗಳ ಆಟಗಾರರು ನಡೆಸಿದ ವಾದ ನಮ್ಮ ವೈಯಾಕರಣರಿಗೆ ಮೆಚ್ಚುಗೆಯಾಗುವಂತಿತ್ತು. ಇನ್ನೊಬ್ಬನಿಗೆ ಚಿತ್ರ ತನ್ನನ್ನು ಹಾಸ್ಯ ಮಾಡಬಾರದು. ಮತ್ತೊಬ್ಬನಿಗೆ ಅದು ನಗಿಸದೆಯೂ ಇರಬಾರದು. ನನ್ನ ಸೋದರಳಿಯ ಕೊನೆಗೆ ಹೇಳಿದ: “ಅವರು ಸೋಲಬೇಕು ಮಾಮ. ದಾಳ ಕೆಟ್ಟದಾಗಿ ಬಿದ್ದರೆ ಕೆಟ್ಟದೇ ಆಗಬೇಕು. ಆಮೇಲೆ ಏನು ಮಾಡ್ತಾರೆ ಅಂತ ನೋಡಬೇಕು.”

ಆಟದಲ್ಲಿ ಅವನದು ಪುರೋಹಿತನ ಪಾತ್ರ. ಸತ್ತವರನ್ನು ಎಬ್ಬಿಸುವ ಮಂತ್ರ ಆ ಪಾತ್ರಕ್ಕೆ ಸಿದ್ಧಿಸುತ್ತದೆ. ಅದರ ನಿಯಮವನ್ನು ಒಮ್ಮೆ ವಿವರಿಸಿದ್ದ: ಐನೂರು ಹೊನ್ನು ಬೆಲೆಯ ವಜ್ರವೊಂದು ಬೇಕು, ಸತ್ತು ಹತ್ತು ದಿನ ಮೀರಿರಬಾರದು. ಹತ್ತು ದಿನವೆಂಬ ಲೆಕ್ಕ ನನ್ನ ಕಿವಿಗೆ ಬೇರೆಯಾಗಿ ಕೇಳಿಸಿತು. ಅವನು ಗಣಿತದ ಸೂತ್ರ ಹೇಳುವವನಂತೆ ಹೇಳಿ ಸುಮ್ಮನಾದ.

ಚಿತ್ರದ ಹೆಸರು ‘ಆನರ್ ಅಮಂಗ್ ಥೀವ್ಸ್’. ನಿರ್ದೇಶಕರು ಜೊನಾಥನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫ್ರಾನ್ಸಿಸ್ ಡೇಲಿ. ಥಿಯೇಟರಿನಲ್ಲಿ ಒಂದು ಸಾಲನ್ನು ನಾವೇ ಹಿಡಿದಿದ್ದೆವು. ಕ್ರಿಸ್ ಪೈನ್ ಅಭಿನಯಿಸಿದ ಎಡ್ಜಿನ್ ಎಂಬ ಗಾಯಕ ಯೋಜನೆ ಹಾಕುವುದರಲ್ಲಿ ನಿಸ್ಸೀಮ. ಅವನ ಯೋಜನೆಗಳು ಮಾತ್ರ ಒಂದರ ಮೇಲೊಂದು ನೆಲಕಚ್ಚುತ್ತವೆ. ಹೆಣಗಳನ್ನು ಎಬ್ಬಿಸಿ ತಲಾ ಐದು ಪ್ರಶ್ನೆ ಕೇಳುವ ಅವಕಾಶ ಸಿಗುತ್ತದೆ. ಇವರು ಆಡಬಾರದ ಮಾತಾಡಿ ಪ್ರಶ್ನೆಗಳನ್ನೆಲ್ಲ ವ್ಯರ್ಥ ಮಾಡುತ್ತಾರೆ. ಮಾಯಾಸೇತುವೆಯನ್ನು ದಾಟುವ ಜಟಿಲ ವಿಧಾನವನ್ನು ಒಬ್ಬ ಗಂಭೀರನಾದ ವೀರ ವಿವರಿಸುತ್ತಿರುವಾಗಲೇ ಇವರಲ್ಲೊಬ್ಬ ತಿಳಿಯದೆ ಕಾಲಿಟ್ಟು ಸೇತುವೆಯೇ ಕುಸಿಯುತ್ತದೆ. ನಮ್ಮ ಸಾಲಿನಲ್ಲಿ ನಗೆ ಸಿಡಿಯಿತು. ತೆರೆಯ ಮೇಲೆ ದಾಳ ಕಾಣಲಿಲ್ಲ, ಆದರೆ ಅಲ್ಲಿ ಬಿದ್ದದ್ದು ಒಂದು ಎಂಬುದು ಎಲ್ಲರಿಗೂ ತಿಳಿಯಿತು. ಮುಂದೆ ಚಕ್ರವ್ಯೂಹದಂಥ ಕಣವೊಂದರಲ್ಲಿ ಬೇರೊಂದು ತಂಡ ಕಾಣಿಸಿತು. ನಾಲ್ಕು ದಶಕಗಳ ಹಿಂದಿನ ಕಾರ್ಟೂನಿನ ಆ ಮಕ್ಕಳದೇ ವೇಷಭೂಷಣ. ಕಾರ್ಟೂನು ನಿಂತು ಎಷ್ಟೋ ವರ್ಷಗಳಮೇಲೆ ಹುಟ್ಟಿದ ಹುಡುಗರು ಹಳೆಯ ನೆಂಟರನ್ನು ಕಂಡವರಂತೆ ಚಪ್ಪಾಳೆ ತಟ್ಟಿದರು. ಗೂಬೆಗರಡಿ ಬಂದಾಗ ನಿಯಮದ ಹುಡುಗನೂ ತಟ್ಟಿದ. ಆಮೇಲೆ ಕೇಳಿದರೆ, “ನಮ್ಮ ಮೇಜಿನಲ್ಲೂ ಚೆನ್ನಾಗಿದ್ದರೆ ಬಿಟ್ಟುಕೊಡ್ತೀವಲ್ಲ ಸಾರ್” ಎಂದ.

ಆ ಗಾಯಕನ ಗುರಿ ಒಂದೇ. ತನ್ನ ತಪ್ಪಿನಿಂದ ಸತ್ತ ಹೆಂಡತಿಯನ್ನು ಬದುಕಿಸುವ ಒಂದು ಫಲಕ ಅವನಿಗೆ ಬೇಕು. ಅದು ಒಮ್ಮೆ ಮಾತ್ರ ಫಲಿಸುವಂಥದು. ತಾಯಿಯಿಲ್ಲದ ಮಗಳನ್ನು ಬೆಳೆಸಲು ಈ ವರ್ಷಗಳಲ್ಲೆಲ್ಲ ಅವನಿಗೆ ಹೆಗಲು ಕೊಟ್ಟವಳು ಹೋಲ್ಗಾ ಎಂಬ ಒರಟು ಹೆಂಗಸು, ಕೊಡಲಿ ಹಿಡಿದವಳು, ನೆಂಟಸ್ತಿಕೆಯಲ್ಲಿ ಏನೂ ಅಲ್ಲದವಳು. ಕೊನೆಯ ಕಾಳಗದಲ್ಲಿ ಬೀಳುವವಳು ಆಕೆ. ಫಲಕ ಕೈಯಲ್ಲಿದೆ. ಎಂದೋ ಹೋದವಳನ್ನು ಕರೆಯಬೇಕೆ? ಈಗ ಹೋಗುತ್ತಿರುವವಳನ್ನು ನಿಲ್ಲಿಸಬೇಕೆ? ಅವನು ಹೋಲ್ಗಾಳನ್ನು ಎಬ್ಬಿಸುತ್ತಾನೆ. ಹೆಂಡತಿ ಹೋದವಳಾಗಿಯೇ ಉಳಿಯುತ್ತಾಳೆ.

ನಮ್ಮ ಸಾಲಿನಲ್ಲಿ ಸದ್ದಿರಲಿಲ್ಲ. ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ.

ಹೊರಗೆ ಬಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಹುಡುಗರು ವಾದಕ್ಕೆ ಇಳಿದರು. ಅವನು ಮಾತಾಡಲಿಲ್ಲ. ಮನೆಯ ತಿರುವಿನಲ್ಲಿ, ಇಬ್ಬರೇ ಉಳಿದಾಗ ಹೇಳಿದ: “ಅವನು ಸರಿಯಾದದ್ದನ್ನೇ ಮಾಡಿದ ಮಾಮ.” ಸ್ವಲ್ಪ ದೂರ ನಡೆದಮೇಲೆ, “ಹತ್ತು ದಿನ ಅಂತ ನಿಯಮ ಇರೋದೂ ಸರಿಯೇ” ಎಂದ. ತರಗತಿಯಲ್ಲಿ ಗಂಟೆಗಟ್ಟಲೆ ಕರುಣರಸವನ್ನು ವಿವರಿಸುವ ನನಗೆ ಹೂಂ ಎನ್ನುವುದಲ್ಲದೆ ಬೇರೇನೂ ತೋಚಲಿಲ್ಲ. ಆ ರಾತ್ರಿ ಅವನು ಅಕ್ಕನಿಗೆ ತಾನಾಗಿಯೇ ಫೋನು ಮಾಡಿ ಬಹಳ ಹೊತ್ತು ಮಾತಾಡಿದ. ಅದರಲ್ಲಿ ಅವನ ಅಪ್ಪನ ಹೆಸರು ಎರಡು ಮೂರು ಸಲ ನನ್ನ ಕಿವಿಗೆ ಬಿತ್ತು. ಎರಡು ವರ್ಷಗಳಲ್ಲಿ ಅದೇ ಮೊದಲು.

ಚಿತ್ರಕ್ಕೆ ಸುಮಾರು ಹದಿನೈದು ಕೋಟಿ ಡಾಲರ್ ವೆಚ್ಚವಾಗಿ, ಥಿಯೇಟರುಗಳಿಂದ ಸುಮಾರು ಇಪ್ಪತ್ತೊಂದು ಕೋಟಿ ಗಳಿಕೆಯಾಯಿತೆಂದು ಲೆಕ್ಕ. ಥಿಯೇಟರಿನವರ ಪಾಲು, ಜಾಹೀರಾತಿನ ಖರ್ಚು ಎಲ್ಲವನ್ನೂ ಕಳೆದರೆ ಅದನ್ನು ಲಾಭವೆನ್ನುವಂತಿಲ್ಲ. ಇತ್ತ ಅಮೆರಿಕದ ಕೆಲವು ಕಂಠದಾನ ಕಲಾವಿದರು ತಮ್ಮ ಮನೆಯ ಮೇಜಿನಲ್ಲಿ ಆಡಿದ ಕಥೆಯನ್ನೇ ಕಾರ್ಟೂನು ಮಾಡುತ್ತೇವೆಂದು ೨೦೧೯ರಲ್ಲಿ ಏಳೂವರೆ ಲಕ್ಷ ಡಾಲರ್ ಕೇಳಿದಾಗ, ೮೮,೦೦೦ಕ್ಕೂ ಹೆಚ್ಚು ಜನ ಸೇರಿ ಒಂದು ಕೋಟಿ ಹದಿಮೂರು ಲಕ್ಷ ಕೊಟ್ಟರು. ಅದು ೨೦೨೨ರಲ್ಲಿ ‘ದಿ ಲೆಜೆಂಡ್ ಆಫ್ ವಾಕ್ಸ್ ಮಾಕಿನಾ’ ಎಂಬ ಮಾಲೆಯಾಗಿ ಹೊರಬಂದಿತು. ಘಟಸರ್ಪ ಎಷ್ಟು ದೊಡ್ಡದೆಂಬುದು ಅವರಿಗೆ ಮುಖ್ಯವಾಗಲಿಲ್ಲ. ಒಂದು ಮೇಜಿನ ಸುತ್ತ ಕುಳಿತ ಸ್ನೇಹಿತರು ನಕ್ಕದ್ದೂ ಸೋತದ್ದೂ ಅತ್ತದ್ದೂ ನಿಜವೆಂಬುದಕ್ಕೆ ಅವರು ಹಣ ತೆತ್ತರು. ಅಭಿಮಾನಿ ಬಯಸುವುದು ಇದನ್ನೇ ಎಂದು ನನಗೆ ತೋರುತ್ತದೆ. ತಾನು ಶನಿವಾರ ರಾತ್ರಿಗಳನ್ನು ಕಳೆದದ್ದು ವ್ಯರ್ಥವಲ್ಲ, ಅಲ್ಲಿ ಕಲಿತದ್ದು ಆಟವಷ್ಟೇ ಅಲ್ಲ ಎಂದು ಯಾರಾದರೂ ದೊಡ್ಡ ತೆರೆಯ ಮೇಲೆ ಒಪ್ಪಿಕೊಳ್ಳಬೇಕು.

ಈಗ ಆ ಹುಡುಗರು ಓದು ಮುಗಿಸಿ ಕೆಲಸಗಳಿಗಾಗಿ ಊರೂರಿಗೆ ಚದುರಿದ್ದಾರೆ. ಭಾನುವಾರಗಳಂದು ಕಂಪ್ಯೂಟರಿನ ಪರದೆಯ ಮೂಲಕ ಆಟ ಮುಂದುವರಿದಿದೆಯಂತೆ. ಇಪ್ಪತ್ತು ಮುಖದ ದಾಳವೊಂದನ್ನು ಸೋದರಳಿಯ ನಮ್ಮ ಮನೆಯಲ್ಲಿಯೇ ಬಿಟ್ಟುಹೋದ. ಮರೆತು ಹೋದನೋ, ಬೇಕೆಂದೇ ಬಿಟ್ಟನೋ ಕೇಳಲಿಲ್ಲ. ಅಮ್ಮ ಅದನ್ನು ಎಸೆಯಲಿಲ್ಲ. ವಾರಕ್ಕೊಮ್ಮೆ ಧೂಳು ಒರೆಸಿ ಅವನ ಪುಸ್ತಕದ ಕಪಾಟಿನಲ್ಲಿ ಇಡುತ್ತಾಳೆ. ಹಾಗೆ ಇಡುವಾಗ ಇಪ್ಪತ್ತರ ಮುಖವನ್ನೇ ಮೇಲಕ್ಕೆ ತಿರುಗಿಸಿ ಇಡುತ್ತಾಳೆಂಬುದನ್ನು ನಾನು ಗಮನಿಸಿದ್ದೇನೆ; ಆದರೆ ಈ ಮಾತನ್ನು ಆಕೆಗೆ ಹೇಳುವ ಧೈರ್ಯ ನನಗಿಲ್ಲ.