ಅಂಬಾಸಿಡರೋ, ಪದ್ಮಿನಿಯೋ?

ಲೋಕದಲ್ಲಿ ಕೊನೆಯಿಲ್ಲದ ವಾದಗಳು ಹಲವು. 1982ರಲ್ಲಿ ನಾನು ಮಲೆನಾಡಿನ ಒಂದು ಪ್ರೌಢಶಾಲೆಗೆ ಉಪಾಧ್ಯಾಯನಾಗಿ ಸೇರಿದಾಗ ಅಲ್ಲಿ ಅಂಥದೊಂದು ವಾದ ನಿತ್ಯವೂ ನಡೆಯುತ್ತಿತ್ತು: ಅಂಬಾಸಿಡರ್ ಕಾರು ಮೇಲೋ, ಪದ್ಮಿನಿ ಮೇಲೋ? ವಾದಿಸುವವರಲ್ಲಿ ಒಬ್ಬರಿಗೂ ಕಾರಿರಲಿಲ್ಲ, ಸೈಕಲ್ಲಿದ್ದವರೇ ಇಬ್ಬರು. ಅದರಿಂದ ವಾದದ ಕಾವಿಗೇನೂ ಕೊರತೆಯಾಗಲಿಲ್ಲ.

ಎರಡು ಕಾರುಗಳ ಮೂಲವೂ ಹೊರದೇಶದ್ದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿದ ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಇಟಲಿಯ ಫಿಯೆಟ್ 1100 ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿಯೆಂಬ ಹೆಸರು ಪಡೆಯಿತು. ಎರಡರಲ್ಲಿಯೂ ನಾಲ್ಕು ಸಿಲಿಂಡರಿನ ಎಂಜಿನು ಮುಂದಿದ್ದು, ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಭೇದವಿದ್ದುದು ಅಳತೆಯಲ್ಲಿ. ಅಂಬಾಸಿಡರಿನ ಪೆಟ್ರೋಲ್ ಎಂಜಿನು 1489 ಸಿ.ಸಿ.; ಪದ್ಮಿನಿಯದು 1089. ಪಿಸ್ಟನ್ನುಗಳು ಸಂಚರಿಸುವ ಜಾಗವನ್ನು ಘನ ಸೆಂಟಿಮೀಟರುಗಳಲ್ಲಿ ಅಳೆಯುವುದೇ ಸಿ.ಸಿ. ಎಂಜಿನು ದೊಡ್ಡದಾದರೆ ಬಲ ಹೆಚ್ಚು. ಆದರೆ ಅಂಬಾಸಿಡರಿನ ತೂಕವೂ 1100 ಕಿಲೋಗ್ರಾಮಿಗೆ ಮೀರಿತ್ತು. ಪದ್ಮಿನಿಯದು ಸುಮಾರು 900. ಗಳಿಸಿದ ಬಲದಲ್ಲಿ ಒಂದು ಪಾಲು ತನ್ನ ಮೈಯನ್ನು ಹೊರುವುದಕ್ಕೇ ವೆಚ್ಚವಾಗುತ್ತಿತ್ತು.

ಅಂಕಿಗಳಿಗೆ ಅರ್ಥ ಬರುವುದು ರಸ್ತೆಯ ಮೇಲೆ. ಒಮ್ಮೆ ಮದುವೆಯ ದಿಬ್ಬಣದಲ್ಲಿ ನಾವು ಏಳು ಮಂದಿ ಗಂಟುಮೂಟೆ ಸಹಿತ ಒಂದೇ ಅಂಬಾಸಿಡರಿನಲ್ಲಿ ಆಗುಂಬೆ ಘಾಟಿಯನ್ನು ಏರಿದೆವು. ತಿರುವು ತಿರುವಿಗೂ ಚಾಲಕನು ಸ್ಟೀರಿಂಗಿನೊಡನೆ ಮಲ್ಲಯುದ್ಧವನ್ನೇ ಮಾಡಿದನು. ಕಾರು ಮಾತ್ರ ನಿಧಾನವಾಗಿ, ತುಂಬಿದ ಬಸುರಿಯಂತೆ, ಎಲ್ಲಿಯೂ ನಿಲ್ಲದೆ ಮೇಲೇರಿತು. ಮುಂಬಯಿಯಲ್ಲಿ ನಾನು ಹತ್ತಿದ ಪದ್ಮಿನಿ ಟ್ಯಾಕ್ಸಿಯಾದರೋ ಇಕ್ಕಟ್ಟಾದ ಗಲ್ಲಿಗಳಲ್ಲಿ ಮೀನಿನಂತೆ ನುಸುಳಿತು. ಒಂದರ ಕೆಲಸ ಹೊರುವುದು, ಇನ್ನೊಂದರ ಕೆಲಸ ನುಸುಳುವುದು. ಎತ್ತನ್ನೂ ಕುದುರೆಯನ್ನೂ ಒಂದೇ ನೊಗಕ್ಕೆ ಕಟ್ಟಿ ಪರೀಕ್ಷಿಸುವುದು ನ್ಯಾಯವಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಮೂರೇ ಸಿಲಿಂಡರು, 796 ಸಿ.ಸಿ., ತೂಕ ಸುಮಾರು 650 ಕಿಲೋಗ್ರಾಂ. ಮುಂದಿನ ಚಕ್ರಗಳನ್ನೇ ತಿರುಗಿಸುವ ಆ ಪುಟ್ಟ ಕಾರು ಹಿರಿಯರಿಬ್ಬರನ್ನೂ ಹಿಂದಿಕ್ಕಿ ಓಡಿತು. ದೊಡ್ಡ ಎಂಜಿನು ಬೇಕೇ, ಚಿಕ್ಕದು ಬೇಕೇ ಎಂದು ಜಗಳವಾಡಿದ್ದವರಿಗೆ ಕಾರನ್ನೇ ಹಗುರ ಮಾಡಬಹುದೆಂಬುದು ಆಗ ಕಣ್ಣಿಗೆ ಬಿದ್ದಿತು.

ಆ ಕಾಲದಲ್ಲಿ ಕಾರು ತಯಾರಿಸಲು ಸರ್ಕಾರದ ಪರವಾನಗಿ ಬೇಕು. ಕೊಳ್ಳುವವರು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಕಾಯುವ ಜನರಿರುವಾಗ ತಿದ್ದಿಕೊಳ್ಳುವ ಅವಸರ ಯಾರಿಗೆ? ಹಾಳೂರಿಗೆ ಉಳಿದವನೇ ಗೌಡನೆಂಬಂತೆ ಎರಡು ಕಾರುಗಳೂ ಹಳೆಯ ರೂಪದಲ್ಲಿಯೇ ಬಹುಕಾಲ ಉಳಿದುವು. ಈ ಶತಮಾನದ ಆರಂಭದಲ್ಲಿ ಪದ್ಮಿನಿಯ ತಯಾರಿಕೆ ನಿಂತಿತು, 2014ರಲ್ಲಿ ಅಂಬಾಸಿಡರಿನದು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳು ಪದ್ಮಿನಿ ಟ್ಯಾಕ್ಸಿಗಳನ್ನು ಬೀಳ್ಕೊಟ್ಟವು.

ಆ ಎರಡು ಕಾರುಗಳು ನಾಡಿನ ಭಾರವನ್ನು ಹೊತ್ತ ರೀತಿಯನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೆ ಪಕ್ಕದವನಿಗಿಂತ ಎರಡಂಕ ಹೆಚ್ಚು ಬಂದಿತೆಂದು ಹಿಗ್ಗುವ ವಿದ್ಯಾರ್ಥಿಯನ್ನು ಕಂಡಾಗ ಅವುಗಳ ಕಥೆಯನ್ನು ಹೇಳಬೇಕೆನಿಸುತ್ತದೆ. ಪಕ್ಕದವನನ್ನು ಮೀರಿದ್ದು ಸರಿ; ಮುಂದಿನ ದಾರಿಗೆ ಅಷ್ಟು ಸಾಕೇ ಎಂಬುದನ್ನು ಅವನೇ ಕೇಳಿಕೊಳ್ಳಬೇಕು.